ತಡೆದದ್ದೇಕೆ ಎಂದು ಮೊದಲು ಕೇಳು

ಪ್ರೀತಿಯ ಪುಟ್ಟೀ,

ಎಷ್ಟು ಸಲ ಅಪ್‌ಗ್ರೇಡ್ ಕೊಟ್ಟರೂ ನಿನ್ನ ಉಬುಂಟು ಕೆಲವು ಪ್ಯಾಕೇಜುಗಳನ್ನು ‘ಕೆಪ್ಟ್ ಬ್ಯಾಕ್’ ಎಂದು ಪಕ್ಕಕ್ಕಿಡುತ್ತಿದೆ ಅಂತ ಬರೆದಿದ್ದೀಯ. ಗಾಬರಿ ಬೇಡ. ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಆಪ್ಟ್ ಸುಮ್ಮಸುಮ್ಮನೆ ಹಟ ಹಿಡಿಯುವುದಿಲ್ಲ.

ಉಬುಂಟುವಿನಲ್ಲಿ ಇದಕ್ಕೆ ಒಂದು ಸಾಮಾನ್ಯ ಕಾರಣ ಹಂತಹಂತದ ಬಿಡುಗಡೆ. ಹೊಸ ತಳಿಯ ಬೀಜವನ್ನು ರೈತ ಮೊದಲು ಒಂದು ಮಡಿಯಲ್ಲಷ್ಟೇ ಬಿತ್ತಿ ನೋಡುತ್ತಾನಲ್ಲ, ಹಾಗೆ. ಅಪ್‌ಡೇಟ್ ಮೊದಲು ನೂರಕ್ಕೆ 10 ಯಂತ್ರಗಳಿಗೆ ಹೋಗುತ್ತದೆ. ಆಮೇಲೆ ಆರಾರು ಗಂಟೆಗೆ ಇನ್ನೂ 10. ತಕರಾರಿಲ್ಲದಿದ್ದರೆ 54 ಗಂಟೆಯಲ್ಲಿ ಎಲ್ಲರಿಗೂ ತಲುಪುತ್ತದೆ. ಕ್ರ್ಯಾಶ್ ವರದಿಗಳು ಏರಿದರೆ ಬಿಡುಗಡೆಯೇ ನಿಲ್ಲುತ್ತದೆ. ನಿನ್ನ ಸರದಿ ಯಾವಾಗ ಎಂಬುದು ಯಂತ್ರದ ಐಡಿ, ಪ್ಯಾಕೇಜಿನ ಹೆಸರು, ಆವೃತ್ತಿ ಇವುಗಳ ಲೆಕ್ಕದಿಂದ ತೀರ್ಮಾನವಾಗುತ್ತದೆ. ಹಾಗಾಗಿ ಒಂದೇ ಕಮಾಂಡನ್ನು ಮತ್ತೆ ಮತ್ತೆ ಒತ್ತಿದರೆ ಸರದಿ ಬೇಗ ಬಾರದು. ಭದ್ರತಾ ಅಪ್‌ಡೇಟುಗಳಿಗೆ ಈ ಸಾಲಿಲ್ಲ, ಅವು ನೇರ ಬರುತ್ತವೆ. ‘ಆಪ್ಟ್ ಪಾಲಿಸಿ’ ಎಂದು ಬರೆದು ಪ್ಯಾಕೇಜಿನ ಹೆಸರು ಕೊಡು. ಹಂತ ಎಷ್ಟಕ್ಕೆ ಬಂದಿದೆ ಎಂದು ಅದೇ ಹೇಳುತ್ತದೆ.

ಎರಡನೆಯದು ಅವಲಂಬನೆಯ ತೊಡಕು. ‘ಆಪ್ಟ್ ಅಪ್‌ಗ್ರೇಡ್’ ಬೇಕಾದರೆ ಹೊಸ ಪ್ಯಾಕೇಜನ್ನು ತರುತ್ತದೆ, ಇದ್ದದ್ದನ್ನು ಮಾತ್ರ ಕಿತ್ತುಹಾಕುವುದಿಲ್ಲ. ಕಿತ್ತರೇ ಹೊಸತು ಕೂರುವುದು ಅಂತಾದರೆ ಹಳೆಯದನ್ನೇ ಉಳಿಸಿಕೊಳ್ಳುತ್ತದೆ. ಪಿಪಿಎ ಎಂಬ ಹೊರಗಿನ ಪ್ಯಾಕೇಜು ಭಂಡಾರಗಳನ್ನು ಸೇರಿಸಿಕೊಂಡವರಿಗೆ ಈ ಕಾಟ ಹೆಚ್ಚು. ‘ಫುಲ್ ಅಪ್‌ಗ್ರೇಡ್’ಗೆ ಕೀಳುವ ಅಧಿಕಾರವುಂಟು. ಅದಕ್ಕೇ ‘ವೈ’ ಒತ್ತುವ ಮುನ್ನ ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ಪೂರ್ತಿ ಓದು. 2021ರಲ್ಲಿ ಯೂಟ್ಯೂಬಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಗೇಮುಗಳ ಸ್ಟೀಮ್ ತಂತ್ರಾಂಶ ಹಾಕಲು ಹೋಗಿ, ಎಚ್ಚರಿಕೆಯನ್ನು ದಾಟಿ ‘ಯೆಸ್, ಡೂ ಆಸ್ ಐ ಸೇ’ ಎಂದು ಟೈಪಿಸಿ, ಡೆಸ್ಕ್‌ಟಾಪನ್ನೇ ಕಳೆದುಕೊಂಡದ್ದನ್ನು ಜಗತ್ತೇ ನೋಡಿತು.

ಮೂರನೆಯದು, ಪ್ಯಾಕೇಜು ಬದಲಾಗದಂತೆ ಯಾರೋ ಬೇಕೆಂದೇ ‘ಹೋಲ್ಡ್’ ಹಾಕಿರಬಹುದು. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟರೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ತಡೆದ ಹೆಸರುಗಳನ್ನೆಲ್ಲ ‘ಆಪ್ಟ್ ಇನ್‌ಸ್ಟಾಲ್’ ಮುಂದೆ ಸುರಿಯುವ ಅಡ್ಡದಾರಿ ಬೇಡ. ಅವೆಲ್ಲ ನೀನೇ ಕೇಳಿ ಹಾಕಿಸಿಕೊಂಡವು ಎಂದು ದಾಖಲಾಗುತ್ತವೆ. ಮುಂದೆ ಬೇಡವಾದಾಗಲೂ ‘ಆಟೋರಿಮೂವ್’ ಅವನ್ನು ಮುಟ್ಟುವುದಿಲ್ಲ.

ಕಾಯುವುದೋ, ಕೀಳುವುದೋ, ಹೋಲ್ಡ್ ತೆಗೆಯುವುದೋ ಎಂಬುದು ಕಾರಣ ತಿಳಿದ ಮೇಲಿನ ಮಾತು. ಇವತ್ತು ಪಾಲಿಸಿ ನೋಡಿ, ಏನು ಬಂತೆಂದು ಬರೆ.

ನಿನ್ನ
ದೊಡ್ಡಪ್ಪ