ಶುಂಠಿ ದುಡ್ಡಲ್ಲಿ ಸೈಟ್ ತಗೊಳ್ಳೋ ಮುಂಚೆ

ಈ ವಾರ ಶುಂಠಿ ಬೀಜೋಪಚಾರದ ಬಗ್ಗೆ ಬರೆಯೋಣ ಅಂತಿದ್ದೆ. ಆದ್ರೆ ಮೊನ್ನೆ ರಾತ್ರಿ ಪರಿಚಯದ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ಅಗ್ರಿಮೆಂಟ್ ಫೋಟೋ ಕಳಿಸಿದ. ತಾಲ್ಲೂಕು ಕೇಂದ್ರದ ಪಕ್ಕ 30×40 ಸೈಟು, ನಾಳೆ ಬೆಳಿಗ್ಗೆ ಅಡ್ವಾನ್ಸ್ ಕೊಡ್ಬೇಕು, "ಒಂದ್ಸಲ ನೋಡಿ ಅಣ್ಣಾ" ಅಂತ. ಎರಡು ವರ್ಷದ ಶುಂಠಿ ದುಡ್ಡು ಅದು. ಬೀಜೋಪಚಾರ ಮುಂದಿನ ವಾರಕ್ಕಿರಲಿ.

ಫೋಟೋದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಸರ್ವೆ ನಂಬರ್. ಪಹಣಿ ತೆಗೆದು ನೋಡಿದ್ರೆ ಅದಿನ್ನೂ ಖುಷ್ಕಿ ಜಮೀನು. ಸುತ್ತ ಕಲ್ಲು ನೆಟ್ಟು, ಜೆಸಿಬಿಯಲ್ಲಿ ರಸ್ತೆ ಎಳೆದು, ಸೈಟ್ ನಂಬರ್ ಬರೆದಿದ್ದಾರೆ ಅಷ್ಟೇ. ನಮ್ಮ ಕಡೆ ಇದಕ್ಕೆ ರೆವಿನ್ಯೂ ಸೈಟ್ ಅಂತೀವಿ. ಕೃಷಿ ಜಮೀನನ್ನ ವಾಸಕ್ಕೆ ಬಳಸ್ಬೇಕಂದ್ರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಆಗ್ಬೇಕು. ನಮ್ಮದೇ ಹೊಲದಲ್ಲಿ ನಾವೇ ತೋಟದ ಮನೆ ಕಟ್ಟಿಕೊಳ್ಳೋದು ಬೇರೆ ಮಾತು. ಅದಕ್ಕೆ ಅದೇ ಕಲಂನಲ್ಲಿ ಮಿತಿಯ ಒಳಗೆ ಅವಕಾಶ ಇದೆ. ಹೊಲ ತುಂಡು ಮಾಡಿ ಸೈಟ್ ಮಾರೋಕೆ ಆ ಅವಕಾಶ ಬರೋದಿಲ್ಲ.

ಒಂದು ಗುಂಟೆ ಅಂದ್ರೆ 1089 ಚದರ ಅಡಿ. 30×40 ಅಂದ್ರೆ 1200, ಗುಂಟೆಗಿಂತ ಸ್ವಲ್ಪ ಜಾಸ್ತಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರೋಕೆ 11ಇ ನಕ್ಷೆ ಬೇಕು. ಹೊಲವನ್ನ ಹೀಗೆ ಒಂದೊಂದು ಗುಂಟೆ ಮಾಡಿ ಕ್ರಯ ಮಾಡೋಕೆ ದಾರಿ ಸಿಗಲ್ಲ. ಆಗ ಮಾರೋರು ಹೇಳೋ ಮಾತು: "ಈಗ ಜಿಪಿಎ ಮಾಡ್ಕೊಡ್ತೀವಿ, ಕನ್ವರ್ಷನ್ ಆದ್ಮೇಲೆ ರಿಜಿಸ್ಟರ್." ಆ ಹುಡುಗನಿಗೆ ಹೇಳಿದ್ದೂ ಇದನ್ನೇ.

ಇಲ್ಲಿ ಸ್ವಲ್ಪ ನಿಂತು ಓದಿ. ಸೈಟ್ ನಿಮ್ಮದಾಗೋದು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿತ ಕ್ರಯಪತ್ರ ಆದಾಗ. ಕ್ರಯದ ಕರಾರು, ಅಂದ್ರೆ ಅಗ್ರಿಮೆಂಟು, ಆಸ್ತಿಯ ಮೇಲೆ ನಿಮಗೆ ಮಾಲೀಕತ್ವ ಕೊಡಲ್ಲ. ಮಾರಾಟಗಾರ ಮಾತು ತಪ್ಪಿದ್ರೆ ಕೋರ್ಟಿಗೆ ಹೋಗೋ ಹಕ್ಕು ಕೊಡುತ್ತೆ. ಅದಕ್ಕೂ ಮೂರು ವರ್ಷದ ಗಡುವಿದೆ. ಜಿಪಿಎ ಕೊಟ್ಟು "ಮಾರಿದೆ" ಅನ್ನೋದು ಮಾರಾಟವೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸಾಲದ್ದಕ್ಕೆ ಜಿಪಿಎ ಕೊಟ್ಟವರು ತೀರಿಕೊಂಡ್ರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೇ ಮುಗೀತು. ಆಮೇಲೆ ಅವರ ಮಕ್ಕಳ ಮನೆ ಬಾಗಿಲಲ್ಲಿ ನಿಂತು "ನಿಮ್ಮಪ್ಪ ಹೀಗೆ ಹೇಳಿದ್ರು" ಅನ್ಬೇಕು.

ನಾನಿದನ್ನ ಪುಸ್ತಕದಿಂದ ಕಲಿತದ್ದಲ್ಲ. ಆರೇಳು ವರ್ಷದ ಹಿಂದೆ ನಾನೂ ಒಂದು ಸೈಟಿಗೆ ಎರಡು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೆ. ಕನ್ವರ್ಷನ್ ಆಗಿತ್ತು, ಇಸಿ ಕ್ಲೀನ್ ಇತ್ತು, ಎಲ್ಲ ಸರಿ ಅಂದ್ಕೊಂಡೆ. ಆಸ್ತಿ ಪಿತ್ರಾರ್ಜಿತ. ಅಣ್ಣ ತಮ್ಮ ಇಬ್ರೂ ಸಹಿ ಹಾಕಿದ್ರು. ಮದುವೆಯಾಗಿ ಬೇರೆ ಊರಲ್ಲಿದ್ದ ತಂಗಿಯನ್ನ ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಆಕೆ ದಾವೆ ಹಾಕಿ ತಡೆಯಾಜ್ಞೆ ತಂದ್ರು. ತಪ್ಪು ಆಕೆಯದಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ರೂ ಈ ಹಕ್ಕು ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ವಿಭಾಗ ಆಗಿದ್ರೆ ಅದು ಹಾಗೇ ಉಳಿಯುತ್ತೆ. ಹಾಗಾಗಿ ವಂಶವೃಕ್ಷ ಕೇಳಿ. ಅದರಲ್ಲಿರೋ ಪ್ರತಿ ಹೆಸರೂ, ಹೆಣ್ಣುಮಕ್ಕಳದ್ದೂ ಸೇರಿ, ಕ್ರಯಪತ್ರದಲ್ಲಿ ಸಹಿ ಹಾಕಲಿ. ಇಲ್ಲಾಂದ್ರೆ ನೋಂದಾಯಿತ ವಿಭಾಗಪತ್ರ ಅಥವಾ ಹಕ್ಕು ಖುಲಾಸೆ ಪತ್ರ ತೋರಿಸಲಿ. ನನ್ನ ದುಡ್ಡು ಮೂರು ವರ್ಷಕ್ಕೆ ವಾಪಸ್ ಬಂತು, ಬಡ್ಡಿ ಇಲ್ಲದೆ, ಅದೂ ಕಂತಲ್ಲಿ.

ಫೋನ್ ಕೈಲಿದೆ ಅಂದ್ಮೇಲೆ ಕೆಲವು ಕೆಲಸ ನೀವೇ ಮಾಡ್ಬಹುದು. ದಿಶಾಂಕ್ ಆ್ಯಪ್ ಹಾಕ್ಕೊಂಡು ಸೈಟ್ ಮೇಲೇ ನಿಂತು ತೆರೀರಿ, ನೀವು ನಿಂತಿರೋ ಸರ್ವೆ ನಂಬರ್ ತೋರಿಸುತ್ತೆ. ಪತ್ರದಲ್ಲಿರೋ ನಂಬರ್ರೇ ಬೇರೆ ಬಂದ್ರೆ ಅಲ್ಲಿಗೇ ಮಾತು ನಿಲ್ಲಿಸಿ. ಪಕ್ಕದಲ್ಲಿ ಹಳ್ಳ, ಕೆರೆ, ಬಂಡಿದಾರಿ ಇದ್ರೆ ಬಿ ಖರಾಬು ಎಷ್ಟಿದೆ ನೋಡಿ. ಅದು ಸರ್ಕಾರದ್ದು, ಮಾರೋಕೆ ಯಾರಿಗೂ ಹಕ್ಕಿಲ್ಲ. ಭೂಮಿ ಜಾಲತಾಣದಲ್ಲಿ ಪಹಣಿ, ಮ್ಯುಟೇಶನ್ ತೆಗೀರಿ. 10ನೇ ಕಾಲಂ ಈ ಜಮೀನು ಅವರಿಗೆ ಹೇಗೆ ಬಂತು ಅಂತ ಹೇಳುತ್ತೆ, 11ನೇ ಕಾಲಂ ಸಾಲ ಹೇಳುತ್ತೆ. ಕಾವೇರಿಯಲ್ಲಿ ಇಸಿ ತೆಗೀರಿ. ಆದ್ರೆ ಇಸಿಯಲ್ಲಿ ನೋಂದಣಿ ಆದ ವ್ಯವಹಾರ ಮಾತ್ರ ಕಾಣುತ್ತೆ, ಪತ್ರ ಅಡ ಇಟ್ಟು ಮಾಡಿದ ಕೈಸಾಲ ಕಾಣಲ್ಲ. ಅದಕ್ಕೇ ಮೂಲಪತ್ರ ಕಣ್ಣಾರೆ ನೋಡ್ಬೇಕು, ಜೆರಾಕ್ಸ್ ಬೇಡ.

ಮಂಜೂರಾದ ಜಮೀನಾದ್ರೆ ಇನ್ನೂ ಹುಷಾರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟ ಅಸಿಂಧು. 2023ರ ತಿದ್ದುಪಡಿ ಆದ್ಮೇಲೆ ಜಮೀನು ವಾಪಸ್ ಕೇಳೋಕೆ ಕಾಲಮಿತಿಯೂ ಇಲ್ಲ. ನಡುವೆ ನಾಲ್ಕು ಕೈ ಬದಲಾಗಿದ್ರೂ ಕೊನೆಗೆ ಕೊಂಡವರು ಬಿಟ್ಟುಕೊಡ್ಬೇಕಾಗುತ್ತೆ. ಕಾನೂನು ಇರೋದು ಮೋಸ ಹೋದ ಬಡವರ ಭೂಮಿ ಉಳಿಸೋಕೆ, ಅದರಲ್ಲಿ ನನಗೇನೂ ತಕರಾರಿಲ್ಲ.

ಪಂಚಾಯ್ತಿ ಸೈಟಾದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದ್ರೆ "ಖಾತೆ ಇದೆಯಲ್ಲ" ಅಂತ ಖುಷಿಪಡಬೇಡಿ. ಯಾವ ಖಾತೆಯೂ ಮಾಲೀಕತ್ವದ ಪತ್ರ ಅಲ್ಲ, ತೆರಿಗೆ ಲೆಕ್ಕ ಅಷ್ಟೇ. ದೊಡ್ಡ ಲೇಔಟಾದ್ರೆ ರೇರಾ ನೋಂದಣಿ ಸಂಖ್ಯೆ ಕೇಳಿ, ಅವರ ಜಾಲತಾಣದಲ್ಲಿ ನೀವೇ ಹುಡುಕಿ. ಇಷ್ಟೆಲ್ಲ ಆದ್ಮೇಲೂ ಕಾಗದಪತ್ರ ಒಬ್ಬ ವಕೀಲರಿಗೆ ತೋರಿಸಿ. ಮಾರೋರು ಹೇಳಿದ ವಕೀಲರಲ್ಲ, ನೀವು ಹುಡುಕಿದವರು.

ಹುಡುಗನಿಗೆ ರಾತ್ರಿಯೇ ಫೋನ್ ಮಾಡಿ, ಅಡ್ವಾನ್ಸ್ ಒಂದು ವಾರ ಮುಂದಕ್ಕೆ ಹಾಕು, ಕನ್ವರ್ಷನ್ ಆದೇಶ, ವಂಶವೃಕ್ಷ ಎರಡನ್ನೂ ಕೇಳು ಅಂದೆ. ಬೆಳಿಗ್ಗೆ ಕೇಳಿದ್ದಾನೆ. "ಬೇರೆಯವರು ಕಾಯ್ತಾ ಇದ್ದಾರೆ, ಬೇಡಾಂದ್ರೆ ಬಿಡಿ" ಅಂದ್ರಂತೆ. ಬಿಟ್ಟ. ಒಂದಿಷ್ಟು ಬೇಜಾರಲ್ಲೇ ಇದ್ದಾನೆ.

ಮುಂದಿನ ವಾರ ಶುಂಠಿ ಬೀಜೋಪಚಾರ.