ಮೊದಲ ಬೈಕು ಆಟಿಯ ಮಳೆಗೆ ತಕ್ಕದ್ದಿರಲಿ

ಮಗಾ, ನೀನು ಮೊಬೈಲಿನಲ್ಲಿ ನೋಡುವ ಬೈಕಿನ ವಿಡಿಯೊಗಳೆಲ್ಲ ಬಿಸಿಲಲ್ಲಿ ತೆಗೆದವು. ಅಲ್ಲಿ ರಸ್ತೆ ಒಣಗಿರುತ್ತದೆ, ಎದುರಿಗೆ ಎಕ್ಸ್‌ಪ್ರೆಸ್ ಬಸ್ಸು ಬರುವುದಿಲ್ಲ, ಹೊಂಡದಲ್ಲಿ ಕೆಂಪು ನೀರು ತುಂಬಿರುವುದಿಲ್ಲ. ನೀನು ಓಡಿಸಬೇಕಾದದ್ದು ಕಾಪುವಿನಿಂದ ಮಣಿಪಾಲಕ್ಕೆ, ಅದೂ ಕಾಲೇಜು ಶುರುವಾಗುವ ಮಳೆಗಾಲದಲ್ಲಿ. ಹಾಗಾಗಿ ಆರಿಸುವಾಗ ಆಟಿ ತಿಂಗಳನ್ನು ಮನಸ್ಸಿನಲ್ಲಿಟ್ಟುಕೋ. ಗಾಡಿ ಎಷ್ಟು ಜೋರು ಹೋಗುತ್ತದೆಂದು ಶೋರೂಮಿನವರು ಕೇಳದೆಯೇ ಹೇಳುತ್ತಾರೆ. ಒದ್ದೆ ರಸ್ತೆಯಲ್ಲಿ ಅದು ಹೇಗೆ ನಿಲ್ಲುತ್ತದೆ ಎಂದು ನೀನೇ ಕೇಳಬೇಕು.

ನಿನ್ನ ದಾರಿಯನ್ನೇ ನೋಡು. ಕಾಪು, ಕಟಪಾಡಿ, ಉದ್ಯಾವರ ಅಂತ ಹೆದ್ದಾರಿ 66ರಲ್ಲಿ ಬರುವಾಗ ನಾಲ್ಕು ಪಥ ಕಂಡು ಕೈ ತಾನಾಗಿಯೇ ಎಕ್ಸಿಲೇಟರ್ ತಿರುಗಿಸುತ್ತದೆ. ಡಿವೈಡರ್ ಎಲ್ಲಿ ತೆರೆದಿದೆಯೋ ಅಲ್ಲಿ ಯಾರಾದರೂ ಅಡ್ಡ ಬಂದೇ ಬರುತ್ತಾರೆ; ಅರ್ಧ ಕಿಲೋಮೀಟರ್ ಉಳಿಸಲು ರಾಂಗ್ ಸೈಡಿನಲ್ಲಿ ಬರುವವರೂ ಇದ್ದಾರೆ. ಮಲ್ಪೆಯ ಮೀನಿನ ಲಾರಿ ಮುಂದಿದ್ದರೆ ಐಸಿನ ನೀರು ರಸ್ತೆಗೆ ಸುರಿಯುತ್ತಿರುತ್ತದೆ, ಅದರ ಹಿಂದೆ ಅಂಟಿಕೊಂಡು ಹೋಗಬೇಡ. ಕಲ್ಸಂಕ ದಾಟಿದ ಮೇಲೆ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರು. ಏರಿನಲ್ಲಿ ನಿಂತ ಗಾಡಿಯನ್ನು ಹಿಂದೆ ಜಾರದಂತೆ ಹೊರಡಿಸಲು ಹಿಂಬ್ರೇಕು, ಕ್ಲಚ್ಚು ಎರಡೂ ಒಟ್ಟಿಗೆ ನಿನ್ನ ಮಾತು ಕೇಳಬೇಕು. ಕಾರ್ಕಳದ ಅಜ್ಜಿ ಮನೆಗೆ ಹೋಗುವ ಪರ್ಕಳ, ಹಿರಿಯಡ್ಕ, ಬೈಲೂರಿನ ದಾರಿ ಬೇರೆಯೇ ಲೆಕ್ಕ: ತಿರುವು, ಮರದ ನೆರಳು, ಕೊಳೆತ ಎಲೆ, ಅಂಚಿನಲ್ಲಿ ಹಾವಸೆ. ಮೊದಲ ಮಳೆಯ ದಿನ ರಸ್ತೆಯ ಎಣ್ಣೆಯೆಲ್ಲ ಮೇಲೆ ಬಂದು ಇನ್ನೂ ಹೆಚ್ಚು ಜಾರುತ್ತದೆ.

ಇಂಥ ದಾರಿಗೆ ಬೈಕು ಆರಿಸುವಾಗ ಮೊದಲು ನೋಡಬೇಕಾದದ್ದು ತೂಕ ಮತ್ತು ಸೀಟಿನ ಎತ್ತರ. ಸ್ಪ್ಲೆಂಡರ್ ಸುಮಾರು 112 ಕಿಲೋ, ಕ್ಲಾಸಿಕ್ 350 ಬುಲೆಟ್ 195 ಕಿಲೋ. ಬುಲೆಟ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆದರೆ ಕೆಸರಿನಲ್ಲಿ ಒಂದು ಕಾಲು ಜಾರಿದಾಗ ಆ 80 ಕಿಲೋ ವ್ಯತ್ಯಾಸ ತೊಡೆಗೆ ಗೊತ್ತಾಗುತ್ತದೆ. ಶೋರೂಮಿನಲ್ಲಿ ಫೋಟೋ ತೆಗೆಯುವ ಮೊದಲು ಎಂಜಿನ್ ಆಫ್ ಮಾಡಿಸಿ ಸೀಟಿನ ಮೇಲೆ ಕೂರು. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಬೆರಳ ತುದಿ ಮುಟ್ಟಿದರೆ ಸಾಲದು. ಇಳಿದು ಹಿಂದಕ್ಕೆ ತಳ್ಳಿ ನೋಡು, ಡಬಲ್ ಸ್ಟ್ಯಾಂಡ್ ಇದ್ದರೆ ಹಾಕಿ ನೋಡು. ನಮ್ಮ ಮನೆಯ ಮುರಕಲ್ಲಿನ ಇಳಿಜಾರು ಅಂಗಳದಿಂದ ದಿನಾ ಬೆಳಿಗ್ಗೆ ಅದನ್ನು ಹೊರಗೆ ತರಬೇಕಾದವನು ನೀನೇ.

ಎರಡನೆಯದು ಬ್ರೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. 125 ಮತ್ತು ಅದಕ್ಕಿಂತ ಕೆಳಗಿನವಕ್ಕೆ ಸಿಬಿಎಸ್ ಆದರೂ ಸಾಕೆಂದರು. ಹೆದರಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವುದು ಎಬಿಎಸ್. ಒಂದನ್ನು ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚುವುದಷ್ಟೇ ಸಿಬಿಎಸ್ ಕೆಲಸ. ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡ. ಈಗ 125 ಸಿಸಿಯಲ್ಲೂ ಎಬಿಎಸ್ ಇರುವ ಮಾದರಿಗಳು ಬಂದಿವೆ. ಮುಂದಿನ ಚಕ್ರಕ್ಕೆ ಡಿಸ್ಕ್ ಮತ್ತು ಎಬಿಎಸ್ ಇದ್ದರೆ ಅಲಾಯ್ ವೀಲ್ ಬಣ್ಣಕ್ಕಾಗಲಿ ಬ್ಲೂಟೂತ್ ಮೀಟರಿಗಾಗಲಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಮುಂಬ್ರೇಕ್ ಹಿಡಿದರೆ ಪಲ್ಟಿ ಎಂದು ಗೆಳೆಯರು ಹೆದರಿಸುತ್ತಾರೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುವುದರಿಂದ ಹೆಚ್ಚು ಹಿಡಿತ ಸಿಗುವುದು ಮುಂದಿನ ಚಕ್ರಕ್ಕೇ. ಥಟ್ಟನೆ ಹಿಂಡದೆ ಮೆಲ್ಲಗೆ ಒತ್ತಿ ಬಿಗಿ ಮಾಡುವುದನ್ನು ಖಾಲಿ ಮೈದಾನದಲ್ಲಿ ಕಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಮಳೆಯಲ್ಲಿ ಅದಕ್ಕಿಂತಲೂ ಹೆಚ್ಚು.

ಮೂರನೆಯದು ಶಕ್ತಿ. ಸ್ಪ್ಲೆಂಡರಿನ ಎಂಜಿನ್ ಸುಮಾರು 8 ಎಚ್‌ಪಿ, ಕೆಟಿಎಂ 390 ಡ್ಯೂಕ್‌ನದು 40ಕ್ಕೂ ಮೇಲೆ. ಕಲಿಯುವ ಕೈ ಆಗಾಗ ತಪ್ಪಿ ಎಕ್ಸಿಲೇಟರ್ ತಿರುಗಿಸುತ್ತದೆ. 8 ಎಚ್‌ಪಿಯಲ್ಲಿ ಅದು ಒಂದು ಕುಲುಕಾಟ, 40ರಲ್ಲಿ ಎದುರಿನ ರಿಕ್ಷಾ. ನನ್ನ ತೀರ್ಪು ಕೇಳಿದರೆ ನಿನಗೆ ಎಬಿಎಸ್ ಇರುವ 125 ಸಾಕು. ಹೆದ್ದಾರಿಯಲ್ಲೇ ದಿನಾ ಓಡಾಟವೆಂದಾದರೆ 150, 160ರ ಸಾದಾ ಗಾಡಿ. ಸ್ಕೂಟರ್ ಆದರೆ ಮರ್ಯಾದೆ ಹೋಗುತ್ತದೆಂಬುದು ಸುಳ್ಳು. ಅದರ ಚಕ್ರ 10, 12 ಇಂಚಿನದಾದ್ದರಿಂದ ನಮ್ಮ ಹೊಂಡಗಳಲ್ಲಿ ಜಾಸ್ತಿ ಇಳಿಯುತ್ತದೆ, ಅಷ್ಟೇ; ಬೈಕಿನ 17, 18 ಇಂಚಿನ ಚಕ್ರ ದಾಟಿಕೊಂಡು ಹೋಗುತ್ತದೆ. ಇನ್ನು ನಿನ್ನ ದೊಡ್ಡಪ್ಪಂದಿರು ಆರ್‌ಎಕ್ಸ್ 100ರ ಪುರಾಣ ತೆಗೆಯುತ್ತಾರೆ. 1985ರಲ್ಲಿ ಬಂದು 1996ಕ್ಕೆ ನಿಂತುಹೋದ ಗಾಡಿ, ಎರಡೂ ಕಡೆ ಡ್ರಮ್ ಬ್ರೇಕು. ಕಥೆ ಚೆನ್ನಾಗಿರುತ್ತದೆ, ಚಾ ಕುಡಿದು ಕೇಳಿ ಎದ್ದು ಬಾ.

ದುಡ್ಡು ಕಡಿಮೆಯಿದ್ದರೆ ಸೆಕೆಂಡ್ ಹ್ಯಾಂಡ್ ತಪ್ಪಲ್ಲ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಹುಡುಗರು ಗಾಡಿ ಮಾರುತ್ತಾರೆ. ಅದು ಕೆಎ 20 ಆಗಿರದೆ ಕೇರಳದ್ದೋ ಮಹಾರಾಷ್ಟ್ರದ್ದೋ ಆಗಿದ್ದರೆ ಅಲ್ಲಿನ ಎನ್‌ಒಸಿ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು; ಅಗ್ಗವೆಂದು ಕೊಂಡದ್ದು ದುಬಾರಿಯಾಗುವುದು ಅಲ್ಲೇ. ಫಾರಂ 29, 30ಕ್ಕೆ ಮಾರುವವನ ಸಹಿ ಮೊದಲೇ ಹಾಕಿಸು. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನವರು ಸಹಿ ಹಾಕಿದ ಫಾರಂ 35 ಕೇಳು. ವಿಮೆಯನ್ನು 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಡು. 2019ಕ್ಕಿಂತ ಹಿಂದಿನ ಗಾಡಿಯಲ್ಲಿ ಎಬಿಎಸ್ ಇಲ್ಲದಿರುವ ಸಂಭವವೇ ಹೆಚ್ಚು. ಹ್ಯಾಂಡಲ್ ಎರಡೂ ಬದಿಗೆ ಸರಾಗ ತಿರುಗುತ್ತದೆಯೇ, ಮುಂದಿನ ಫೋರ್ಕಿನಿಂದ ಎಣ್ಣೆ ಸೋರಿದೆಯೇ, ಟಯರ್ ಸವೆದು ನುಣ್ಣಗಾಗಿದೆಯೇ ನೋಡು. ಕಡಲ ಗಾಳಿಗೆ ನಿಂತ ಬೈಕಿನ ಚೈನು, ಬೋಲ್ಟು, ಸೈಲೆನ್ಸರ್ ತುಕ್ಕು ಹಿಡಿದಿರುತ್ತದೆ, ಬಗ್ಗಿ ಕೆಳಗೆ ನೋಡಬೇಕು.

ಲೈಸೆನ್ಸಿನ ವಿಷಯ ನಿನ್ನ ಅಪ್ಪನೂ ಕೇಳಿಸಿಕೊಳ್ಳಲಿ. ಗೇರ್ ಬೈಕಿಗೆ 18 ತುಂಬಬೇಕು. ಅದಕ್ಕೆ ಮೊದಲು ಮಕ್ಕಳ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಎಲ್‌ಎಲ್ ಸಿಕ್ಕಿ 30 ದಿನವಾದ ಮೇಲೆ ಪಕ್ಕಾ ಲೈಸೆನ್ಸಿಗೆ ಹೋಗಬಹುದು. ಎಲ್ ಬೋರ್ಡ್ ಇರುವಷ್ಟು ದಿನ, ಲೈಸೆನ್ಸ್ ಇದ್ದು ಕಲಿಸುವವರ ಹೊರತು ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಆಮೇಲೂ ಹಿಂದೆ ಕೂತವರಿಗೆ ಹೆಲ್ಮೆಟ್ ಬೇಕು. ಐಎಸ್ 4151 ಗುರುತಿನ ಐಎಸ್‌ಐ ಹೆಲ್ಮೆಟ್, ಪೂರ್ತಿ ಮುಖ ಮುಚ್ಚುವಂಥದ್ದು, ಪಟ್ಟಿ ಕಟ್ಟಿದ್ದು. ಕಪ್ಪು ಗಾಜು ಬೇಡ, ಸಂಜೆ ಮಳೆಯಲ್ಲಿ ಏನೂ ಕಾಣದು. ನಮ್ಮೂರಿನಲ್ಲಿ ಇನ್ನೊಂದು ಗಂಡಾಂತರ ಕೊಡೆ. ಹಿಂದೆ ಕೂತ ಅಮ್ಮನೋ ಅತ್ತೆಯೋ ಹನಿ ಬಿತ್ತೆಂದು ಓಡುವ ಬೈಕಿನಲ್ಲೇ ಕೊಡೆ ಬಿಡಿಸುತ್ತಾರೆ, ಗಾಳಿ ಕೊಡೆಯ ಜೊತೆ ಅವರನ್ನೂ ಎಳೆಯುತ್ತದೆ. ಹೀಗೆ ಬಿದ್ದು ಜೀವ ಹೋದದ್ದುಂಟು. ಮಳೆ ಬಂದರೆ ನಿಲ್ಲಿಸು, ಇಬ್ಬರಿಗೂ ರೈನ್‌ಕೋಟ್ ಇಟ್ಟುಕೋ. ಸೀರೆ, ಶಾಲು ಚಕ್ರಕ್ಕೆ ಸಿಗದಂತೆ ಸಾರಿ ಗಾರ್ಡ್ ಬಿಚ್ಚಿಸಬೇಡ, ನೋಡಲು ಚಂದವಿಲ್ಲದಿದ್ದರೂ.

ಆಗುಂಬೆಯ 14 ತಿರುವು, ಕಾರ್ಕಳದಿಂದ ಬಜಗೋಳಿ ದಾಟಿ ಮಾಳದ ಘಾಟಿ, ಇವೆರಡಕ್ಕೂ ಮೊದಲ ಮಳೆಗಾಲದಲ್ಲಿ ಹೋಗಬೇಡ. ಬೇಸಿಗೆಯಲ್ಲಿ ಹೋದರೂ ಇಳಿಯುವಾಗ ನ್ಯೂಟ್ರಲ್ ಬೇಡ, ಹತ್ತುವ ಗೇರಿನಲ್ಲೇ ಇಳಿ.

ಬೈಕಿಗೆಂದು ಕೂಡಿಟ್ಟ ಹಣದಲ್ಲಿ ಎರಡು ಹೆಲ್ಮೆಟ್, ಎರಡು ರೈನ್‌ಕೋಟಿನ ದುಡ್ಡು ಮೊದಲು ಬದಿಗಿಡು, ಉಳಿದದ್ದರಲ್ಲಿ ಗಾಡಿ ನೋಡು. ಶೋರೂಮಿಗೆ ಹೋಗುವ ದಿನ ಒಂದು ಫೋನ್ ಮಾಡು, ನಾನೂ ಬರುತ್ತೇನೆ. ಬಣ್ಣ ನೀನೇ ಆರಿಸು.