ನಲ್ಲಿ ನೀರು ಬಂದ ದಾರಿ

ರಿಚರ್ಡ್ಸ್ ಟೌನ್‌ನಲ್ಲಿ ನಾವು ನಲ್ಲಿ ತಿರುಗಿಸುತ್ತೇವೆ. ನೀರು ಬರುತ್ತೆ. ಬಿಂದಿಗೆ ತುಂಬುತ್ತೆ. ಇದು ಕಾವೇರಿ ನೀರು. ಎಲ್ಲಿಂದ ಬಂತು? ಬನ್ನಿ, ತಿಳಿಯೋಣ.

ಕೊಡಗಿನ ಬ್ರಹ್ಮಗಿರಿ ಬೆಟ್ಟದಲ್ಲಿ ತಲಕಾವೇರಿ ಇದೆ. ಕಾವೇರಿ ಹುಟ್ಟುವುದು ಅಲ್ಲೇ. ಸುತ್ತ ದಟ್ಟ ಕಾಡು. ಮಳೆಗಾಲದಲ್ಲಿ ಜಡಿಮಳೆ. ಮಳೆ ಮೊದಲು ಎಲೆಗಳ ಮೇಲೆ ಬೀಳುತ್ತೆ. ಮೆಲ್ಲಗೆ ಕೆಳಗೆ ತೊಟ್ಟಿಕ್ಕುತ್ತೆ. ನೆಲದ ಮೇಲೆ ತರಗೆಲೆ ಹಾಸಿರುತ್ತೆ. ಬಟ್ಟೆ ನೀರು ಹೀರುವ ಹಾಗೆ ಅದು ನೀರು ಹೀರುತ್ತೆ. ನೀರು ಮಣ್ಣಿಗೆ ಇಳಿಯುತ್ತೆ. ಮಳೆ ನಿಂತ ಮೇಲೂ ಸ್ವಲ್ಪ ಸ್ವಲ್ಪವೇ ಒಸರಿ ತೊರೆ ಸೇರುತ್ತೆ.

ಮರ ಕಡಿದರೆ ಏನಾಗುತ್ತೆ? ಮಳೆನೀರು ಮಣ್ಣನ್ನೂ ಕೊಚ್ಚಿಕೊಂಡು ಒಂದೇ ಸಲ ಹರಿದುಹೋಗುತ್ತೆ. ಬೇಸಿಗೆಯಲ್ಲಿ ತೊರೆ ಬತ್ತುತ್ತೆ.

ಕಾವೇರಿ ಸುಮಾರು 800 ಕಿಲೋಮೀಟರ್ ಹರಿದು ತಮಿಳುನಾಡಿನಲ್ಲಿ ಸಮುದ್ರ ಸೇರುತ್ತೆ. ದಾರಿಯಲ್ಲಿ ಹೇಮಾವತಿ, ಕಬಿನಿ, ಶಿಂಷಾ, ಅರ್ಕಾವತಿ ನದಿಗಳು ಅದನ್ನು ಕೂಡುತ್ತವೆ.

ಈ ನೀರು ನಮಗೆ ಮಾತ್ರ ಅಲ್ಲ. ಬೇಸಿಗೆಯಲ್ಲಿ ಆನೆಗಳು ಹಿಂಡು ಹಿಂಡಾಗಿ ಕಬಿನಿ ದಡಕ್ಕೆ ಬರುತ್ತವೆ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು ಇದೆ. 1940ರಿಂದ ಅದು ಪಕ್ಷಿಧಾಮ. ಅಲ್ಲಿ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಬಂಡೆ ಮೇಲೆ ಮೊಸಳೆ ಬಿಸಿಲು ಕಾಯುತ್ತೆ. ನೀರುನಾಯಿ ಮೀನು ಹಿಡಿಯುತ್ತೆ. ಮಹಶೀರ್ ಅನ್ನೋ ದೊಡ್ಡ ಮೀನೂ ಇದೆ. ಕಾವೇರಿಯ ಈ ಮೀನಿನ ಜಾತಿ ಈಗ ಅಳಿವಿನ ಅಂಚಿನಲ್ಲಿದೆ.

ಮಳೆಕಾಡಿನ ನದಿ ಬೇರೆ ದೇಶದಲ್ಲೂ ಉಂಟು. ಆಫ್ರಿಕಾ ಖಂಡದ ನಡುವೆ ಕಾಂಗೋ ನದಿ ಹರಿಯುತ್ತೆ. ಉದ್ದ ಸುಮಾರು 4,700 ಕಿಲೋಮೀಟರ್. ಅಂದರೆ ಕಾವೇರಿಯ ಸುಮಾರು ಆರು ಪಟ್ಟು. ಅಲ್ಲೂ ಆನೆ, ಮೊಸಳೆ ಇವೆ. ನಮ್ಮಲ್ಲಿ ಇಲ್ಲದ ಗೊರಿಲ್ಲಾ ಇದೆ. ಅಲ್ಲಿಯ ನದಿಗೂ ಕಾಡೇ ಆಸರೆ.

ನಮ್ಮ ಬೆಂಗಳೂರು ಎತ್ತರದಲ್ಲಿದೆ. ಕಾವೇರಿ ತಗ್ಗಿನಲ್ಲಿ ಹರಿಯುತ್ತೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಪಂಪು ಹಚ್ಚಿ ನೀರನ್ನು ಮೇಲೆತ್ತುತ್ತಾರೆ. ಸುಮಾರು 100 ಕಿಲೋಮೀಟರ್ ದೂರ ಪೈಪಿನಲ್ಲಿ ತರುತ್ತಾರೆ. ಹೀಗೆ ಮೊದಲು ನೀರು ಬಂದದ್ದು 1974ರಲ್ಲಿ.

2023ರಲ್ಲಿ ಮಳೆ ಕಡಿಮೆ ಆಯಿತು. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದವು. ಹೆಂಗಸರು ಕೊಡ ಹಿಡಿದು ಟ್ಯಾಂಕರ್‌ಗೆ ಕಾದರು. ಬೆಟ್ಟದಲ್ಲಿ ಮಳೆ ತಪ್ಪಿದರೆ ನಮ್ಮ ಬಿಂದಿಗೆ ಖಾಲಿ. ಆದ್ದರಿಂದ ಕೊಡಗಿನ ಕಾಡು ನಮ್ಮದೂ ಹೌದು. ಅದು ಉಳಿಯಬೇಕು ಅಂತ ಕೇಳುವ ಹಕ್ಕು ನಮಗಿದೆ.

ಹೇಳಿ ನೋಡೋಣ:
1. ಕಾವೇರಿ ಎಲ್ಲಿ ಹುಟ್ಟುತ್ತೆ?
2. ಕಾಡು ನೀರನ್ನು ಹೇಗೆ ಹಿಡಿದಿಡುತ್ತೆ?
3. ನಿಮ್ಮ ಮನೆಗೆ ಯಾವ ನೀರು ಬರುತ್ತೆ? ಬಾರದ ದಿನ ಏನು ಮಾಡುತ್ತೀರಿ? ಎಲ್ಲರೂ ಕೂತು ಮಾತಾಡಿ.